ಘಾಟಿ ಹಗಲಲ್ಲಿ ಬರಬೇಕು

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ರೈಲು ಘಾಟಿನ ನಾನು ಎಷ್ಟು ಸಲ ದಾಟಿದೀನಿ ಅಂತ ಲೆಕ್ಕ ಇಟ್ಟಿಲ್ಲ. ಮಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಾ ಇದ್ದಾಗ ಹಬ್ಬ, ರಜೆ, ಯಾರದೋ ಮದುವೆ ಅಂತ ಹೋಗಿ ಬಂದು ಐವತ್ತು ಸಲ ಆದ್ರೂ ಆಗಿರಬೇಕು. ಆದ್ರೆ ಒಂದು ಸಲಾನೂ ನೋಡಿರಲಿಲ್ಲ. ರಾತ್ರಿ ರೈಲು, ಸ್ಲೀಪರ್‌ನಲ್ಲಿ ಮಿಡ್ಲ್ ಬರ್ತ್, ಸುರಂಗದೊಳಗೆ ಹೋದಾಗ ಸದ್ದು ಬದಲಾಗೋದು ಕೇಳಿಸ್ತಿತ್ತು, ಕಿಟಕಿಯಿಂದ ತಣ್ಣಗೆ ಒದ್ದೆ ಎಲೆ ವಾಸನೆ ಬರ್ತಿತ್ತು, ಅಷ್ಟೇ. ಬೆಳಗಿನ ಜಾವ ಹಾಸನದಲ್ಲಿ ಕಣ್ಣುಜ್ಜಿಕೊಂಡು ಇಳಿದ್ರೆ ಪ್ಲಾಟ್‌ಫಾರ್ಮ್‌ನಲ್ಲಿ ಅಪ್ಪ ಮಫ್ಲರ್ ಸುತ್ಕೊಂಡು ನಿಂತಿರೋರು. ಆ ಬೆಟ್ಟಗಳನ್ನ ಮೊದಲನೇ ಸಲ ಬೆಳಕಲ್ಲಿ ನೋಡಿದ್ದು 2022ರ ಅಕ್ಟೋಬರ್‌ನಲ್ಲಿ, ಅಪ್ಪನ ಜೊತೆ, ಯಶವಂತಪುರ ಮಂಗಳೂರು ಹಗಲು ರೈಲಿನ ವಿಸ್ಟಾಡೋಮ್ ಬೋಗಿಲಿ. ಎದುರು ಸೀಟಲ್ಲಿದ್ದ ಪುಟ್ಟ ಹುಡುಗ ಅವನ ಅಮ್ಮನ್ನ "ವಿಸ್ಟಾಡೋಮ್ ಅಂದ್ರೆ ಏನಮ್ಮಾ" ಅಂತ ಕೇಳ್ದ, ಆಕೆ "ಗಾಜಿನ ರೈಲು ಕಣೋ" ಅಂದ್ರು, ಅವನಿಗೆ ಅಷ್ಟು ಸಾಕಾಯ್ತು. ನನಗೆ ಸಾಕಾಗಲಿಲ್ಲ. ಯಾಕಂದ್ರೆ ಆ ಪದ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು, ಆ ಪದ ಹುಟ್ಟಿದ ಜಾಗದಲ್ಲಿ ಇದೇ ಅಪ್ಪನ ಪಕ್ಕ ಕೂತು ಹೋಗಿದ್ದೆ.

ಅವತ್ತಿಂದ ಒಂದು ವಿಷಯ ತಲೇಲಿ ಕೊರೀತಾನೇ ಇದೆ. ರೈಲಿನ ಟೈಂಟೇಬಲ್ ಮಾಡೋವಾಗ ಯಾವ ಊರು ಎಷ್ಟು ಗಂಟೆಗೆ ಬರಬೇಕು ಅಂತ ಯಾರೋ ಕೂತು ಲೆಕ್ಕ ಹಾಕ್ತಾರಲ್ಲ, ಬೆಟ್ಟ ಎಷ್ಟು ಗಂಟೆಗೆ ಬರಬೇಕು ಅಂತ ಯಾರಾದ್ರೂ ಲೆಕ್ಕ ಹಾಕಿದಾರಾ? ಹಾಕಿದಾರೆ. 1949ರಲ್ಲಿ, ಅಮೆರಿಕದಲ್ಲಿ, ಚಿಕಾಗೊದಿಂದ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ವರೆಗೆ ಓಡೋಕೆ ಶುರುವಾದ ಕ್ಯಾಲಿಫೋರ್ನಿಯಾ ಝೆಫರ್ ಅನ್ನೋ ರೈಲನ್ನ ಕಟ್ಟಿದ್ದೇ ಆ ಲೆಕ್ಕದ ಮೇಲೆ.

ಇಂಜಿನ್ ಕ್ಯಾಬಿನ ಸೀಟು

1944ರ ಜುಲೈ 4ನೇ ತಾರೀಕು, ಯುದ್ಧ ಇನ್ನೂ ನಡೀತಿದ್ದ ಸಮಯ. ಜನರಲ್ ಮೋಟರ್ಸ್‌ನ ರೈಲು ಇಂಜಿನ್ ವಿಭಾಗದ ದೊಡ್ಡ ಅಧಿಕಾರಿ ಸೈರಸ್ ಆಸ್ಬರ್ನ್ ಕೊಲೊರಾಡೊದ ಗ್ಲೆನ್‌ವುಡ್ ಕ್ಯಾನಿಯನ್ ಅನ್ನೋ ಕಣಿವೇಲಿ ರೈಲಿನ ಇಂಜಿನ್ ಕ್ಯಾಬಲ್ಲಿ ಕೂತು ಹೋಗ್ತಿದ್ರು. ಎರಡೂ ಕಡೆ ಬಂಡೆ ಗೋಡೆ ನೆಟ್ಟಗೆ ಮೇಲಕ್ಕೆ, ಕೆಳಗೆ ಕೊಲೊರಾಡೊ ನದಿ, ಮುಂದೆ ಹಳಿ ತಿರುಗ್ತಾ ತಿರುಗ್ತಾ ಹೋಗೋದು ಕಾಣ್ತಿದೆ. ಇದೆಲ್ಲ ಇಂಜಿನ್ ಓಡ್ಸೋರಿಗೆ ದಿನಾ ಕಾಣೋ ನೋಟ. ಹಿಂದಿನ ಬೋಗಿಲಿ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಕೂತಿರೋರಿಗೆ ಕಾಣೋದು ಬಂಡೆಯ ಒಂದು ಪಕ್ಕೆ ಮಾತ್ರ. ಈ ಸೀಟಿಂದ ಏನು ಕಾಣುತ್ತೆ ಅಂತ ಜನಕ್ಕೆ ಗೊತ್ತಾದ್ರೆ ಎಷ್ಟು ಬೇಕಾದ್ರೂ ದುಡ್ಡು ಕೊಡ್ತಾರೆ ಅಂತ ಅವರಿಗೆ ಅನ್ನಿಸ್ತು, ಸಾಲ್ಟ್ ಲೇಕ್ ಸಿಟಿ ತಲುಪಿ ಹೋಟೆಲ್ ರೂಮಲ್ಲಿ ಪೇಪರ್ ಮೇಲೆ ಗೀಚಿದ್ರು. ಬೋಗಿಯ ಮಾಮೂಲಿ ಚಾವಣಿ ಮಧ್ಯದಲ್ಲಿ ಕತ್ತರಿಸಿ, ಅದರ ಮೇಲೆ ಗಾಜಿನ ಗೂಡು, ಒಳಗಿಂದ ನಾಲ್ಕಾರು ಮೆಟ್ಟಿಲು ಹತ್ತಿ ಮೇಲೆ ಹೋದ್ರೆ ಮುಂದೆ ಹಿಂದೆ ಅಕ್ಕ ಪಕ್ಕ ಮೇಲೆ ಎಲ್ಲಾ ಕಡೆ ಆಕಾಶ.

ಅದನ್ನ ಮೊದಲು ನಿಜ ಮಾಡಿದ್ದು ಬರ್ಲಿಂಗ್ಟನ್ ಅನ್ನೋ ರೈಲು ಕಂಪನಿ. 1945ರಲ್ಲಿ ಇಲಿನಾಯ್‌ನ ಅರೋರಾದಲ್ಲಿದ್ದ ತಮ್ಮ ವರ್ಕ್‌ಶಾಪಲ್ಲಿ ಇದ್ದ ಒಂದು ಬೋಗಿನೇ ತಗೊಂಡು ಚಾವಣಿ ಕೊಯ್ದು ಗಾಜಿನ ಗೂಡು ಕೂರಿಸಿದ್ರು, ಆ ಬೋಗಿಗೆ ಸಿಲ್ವರ್ ಡೋಮ್ ಅಂತ ಹೆಸರು, ಆ ಗೂಡಿಗೆ ಇಟ್ಟ ಹೆಸರೇ ವಿಸ್ಟಾ ಡೋಮ್. ಚಿಕಾಗೊ ಕಡೆ ಇರೋ ಕನ್ನಡದೋರಿಗೆ ಅರೋರಾ ಅಂದ್ರೆ ಬಾಲಾಜಿ ದೇವಸ್ಥಾನ. ನಾನು ಆರು ವರ್ಷ ಇದ್ದಿದ್ದು ಅದರ ಪಕ್ಕದ ನೇಪರ್‌ವಿಲ್‌ನಲ್ಲಿ, ಎಷ್ಟು ಶನಿವಾರ ಆ ದೇವಸ್ಥಾನಕ್ಕೆ ಹೋಗಿ ಪುಳಿಯೋಗರೆ ತಿಂದು ಬಂದಿದೀನೋ. ಮುಂದೆ ಒಂದು ದಿನ ಅಪ್ಪನ ಜೊತೆ ಶಿರಾಡಿ ಕಾಡಿನ ಮಧ್ಯೆ ಕೂತು ಕೇಳೋ ಪದ ಇದೇ ಊರಿಂದ ಹೊರಟಿದ್ದು ಅಂತ ಆಗ ಅಂದ್ಕೊಂಡಿರಲಿಲ್ಲ.

ಆಸ್ಬರ್ನ್‌ಗೆ ಯೋಚನೆ ಹೊಳೆದ ಜಾಗದಲ್ಲಿ, ಕಣಿವೆಯೊಳಗೆ, ಕಲ್ಲಿನ ಕಮಾನು ಕಟ್ಟಿ ಅದರ ಮೇಲೆ ಡೋಮ್ ಬೋಗಿಯ ಮಾದರಿ ಇಟ್ಟಿದ್ರು. ಆಮೇಲೆ ಅಲ್ಲಿ ದೊಡ್ಡ ಹೈವೇ ಬಂತು, ಸ್ಮಾರಕ ಎತ್ಕೊಂಡು ಹೋಗಿ ಡೆನ್ವರ್ ಹತ್ರದ ಗೋಲ್ಡನ್ ಅನ್ನೋ ಊರಿನ ರೈಲ್ವೆ ಮ್ಯೂಸಿಯಂನಲ್ಲಿಟ್ಟಿದಾರೆ. ಒಂದು ಯೋಚನೆ ಹುಟ್ಟಿದ ಜಾಗಕ್ಕೆ ಕಲ್ಲು ನೆಡೋದು ನನಗೆ ತುಂಬಾ ಇಷ್ಟ ಆಗೋ ಕೆಲಸ. ನಮ್ಮಲ್ಲಿ ಯುದ್ಧದಲ್ಲಿ ಸತ್ತೋರಿಗೆ ವೀರಗಲ್ಲು ನೆಟ್ಟ ಹಾಗೆ, ಯಾರೋ ಒಬ್ಬರು ಕಿಟಕಿಯಿಂದ ಆಚೆ ನೋಡಿದ್ದಕ್ಕೂ ಒಂದು ಕಲ್ಲು.

ಲೇಟಾಗಿ ತಲುಪೋಕೆ ಮಾಡಿದ ಟೈಂಟೇಬಲ್

ಈ ರೈಲಿನ ಬಗ್ಗೆ ಬರೆಯೋರೆಲ್ಲ ಸಾಮಾನ್ಯವಾಗಿ ಊಟದ ಬೋಗಿ, ಬಿಳಿ ಮೇಜುಬಟ್ಟೆ, ಗೋಡೆ ಮೇಲಿನ ಚಿತ್ರ, ತಾಜಾ ಟ್ರೌಟ್ ಮೀನು ಅಂತ ಶುರು ಮಾಡ್ತಾರೆ. ಅದೆಲ್ಲ ಇತ್ತು. ಆದ್ರೆ ನನಗೆ ಇದರ ನಿಜವಾದ ಐಷಾರಾಮ ಕಾಣೋದು ಟೈಂಟೇಬಲ್‌ನಲ್ಲಿ. ಮೂರು ಕಂಪನಿ ಸೇರಿ ಓಡಿಸಿದ ರೈಲು ಇದು, ಚಿಕಾಗೊದಿಂದ ಡೆನ್ವರ್‌ವರೆಗೆ ಬರ್ಲಿಂಗ್ಟನ್, ಡೆನ್ವರ್‌ನಿಂದ ಸಾಲ್ಟ್ ಲೇಕ್ ಸಿಟಿವರೆಗೆ ರಿಯೊ ಗ್ರ್ಯಾಂಡ್, ಅಲ್ಲಿಂದ ಓಕ್ಲೆಂಡ್‌ಗೆ ವೆಸ್ಟರ್ನ್ ಪೆಸಿಫಿಕ್. ಒಟ್ಟು 2,500 ಮೈಲಿ, ಅಂದ್ರೆ ಹೆಚ್ಚುಕಮ್ಮಿ 4,000 ಕಿಲೋಮೀಟರ್. ಇದೇ ಎರಡು ಊರಿನ ಮಧ್ಯೆ ಇನ್ನೊಂದು ದಾರಿ ಇತ್ತು, ವ್ಯೋಮಿಂಗ್ ಬಯಲಿನ ಮೇಲೆ ಹೋಗೋದು, ಅದರಲ್ಲಿ ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ ಅನ್ನೋ ರೈಲು ಸುಮಾರು ನಲವತ್ತು ಗಂಟೇಲಿ ಮುಟ್ಟಿಸ್ತಿತ್ತು. ಈ ಮೂರು ಕಂಪನಿಯ ಹಳಿ ಹೋಗೋದು ರಾಕಿ ಪರ್ವತದ ಹೊಟ್ಟೆಯೊಳಗೆ, ಆಮೇಲೆ ಫೆದರ್ ನದಿಯ ಕೊರಕಲಲ್ಲಿ. ಏನೇ ಮಾಡಿದ್ರೂ ಹತ್ತು ಗಂಟೆ ಜಾಸ್ತಿ. ಓಟದಲ್ಲಿ ಗೆಲ್ಲೋ ಮಾತೇ ಇಲ್ಲ.

ಅವರು ಓಡೋದನ್ನೇ ಬಿಟ್ರು. ಹೆಂಗೂ ಲೇಟು, ಲೇಟಾಗೋದನ್ನೇ ಸರಿಯಾಗಿ ಮಾಡೋಣ ಅಂತ ಕೂತು ಲೆಕ್ಕ ಹಾಕಿದ್ರು. ಚಿಕಾಗೊದಿಂದ ಮಧ್ಯಾಹ್ನದ ಮೇಲೆ ಹೊರಟ್ರೆ ಇಲಿನಾಯ್, ಅಯೋವಾ, ನೆಬ್ರಾಸ್ಕಾದ ಜೋಳದ ಬಯಲು ರಾತ್ರಿ ಮುಗಿಯುತ್ತೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ಡೆನ್ವರ್. ಅಲ್ಲಿಂದ ಇಡೀ ಹಗಲು ರಾಕಿ ಪರ್ವತ. ಯೂಟಾ, ನೆವಾಡಾದ ಮರುಭೂಮಿ ನಿದ್ದೇಲಿ ಕಳೆಯುತ್ತೆ. ಎದ್ದು ಕಾಫಿ ಕುಡಿಯೋ ಹೊತ್ತಿಗೆ ಕ್ಯಾಲಿಫೋರ್ನಿಯಾ ಬಾಗಿಲು, ಫೆದರ್ ನದಿ ಕಣಿವೆ ಬೆಳಕಲ್ಲಿ. ಮೂರನೇ ದಿನ ಸಂಜೆ ಹೊತ್ತಿಗೆ ಓಕ್ಲೆಂಡ್, ಅಲ್ಲಿಂದ ದೋಣಿ ಹತ್ತಿ ಸ್ಯಾನ್ ಫ್ರಾನ್ಸಿಸ್ಕೊ. ವಾಪಸ್ ಬರೋ ರೈಲಿಗೂ ಇದೇ ಥರ, ಚಂದ ಇರೋ ಜಾಗಕ್ಕೆ ಹಗಲು, ಉಳಿದಿದ್ದಕ್ಕೆ ರಾತ್ರಿ. ಹೋಗೋಕೆ ಎರಡು ರಾತ್ರಿ ಬರೋಕೆ ಎರಡು ರಾತ್ರಿ ಆದ್ರಿಂದ ದಿನಾ ಎರಡೂ ಕಡೆಯಿಂದ ಒಂದೊಂದು ಹೊರಡಬೇಕು ಅಂದ್ರೆ ಪೂರ್ತಿ ಆರು ರೈಲು ಬೇಕು, ಆರೂ ಹೊಸದಾಗಿ ಕಟ್ಟಿಸಿದ್ರು. 1949ರ ಮಾರ್ಚ್ 20ಕ್ಕೆ ಮೊದಲ ಓಟ.

ಒಂದೊಂದು ರೈಲಲ್ಲೂ ಐದು ಗಾಜಿನ ಗೂಡು. ನನಗೆ ಮನಸ್ಸಿಗೆ ಹಿಡಿಸಿದ್ದು ಇದು: ಆ ಐದರಲ್ಲಿ ಮೂರು ಇದ್ದಿದ್ದು ಮಲಗೋ ರೂಮು ತಗೋಳಕ್ಕೆ ಆಗದೆ ಕೂತ್ಕೊಂಡೇ ರಾತ್ರಿ ಕಳೆಯೋ ಮಾಮೂಲಿ ಟಿಕೆಟ್‌ನೋರಿಗೆ. ಒಂದು ಗೂಡಲ್ಲಿ ಇಪ್ಪತ್ನಾಲ್ಕು ಸೀಟು, ರಿಸರ್ವೇಶನ್ ಇಲ್ಲ, ಬೇರೆ ಚಾರ್ಜ್ ಇಲ್ಲ, ಖಾಲಿ ಇದ್ರೆ ಹತ್ತಿ ಕೂರೋದು. ನಮ್ಮ ವಿಸ್ಟಾಡೋಮ್ ಬೋಗಿಗೆ ನಲವತ್ನಾಲ್ಕೇ ಸೀಟು, ಅದಕ್ಕೆ ಬೇರೆ ಟಿಕೆಟ್ಟು. ಅವತ್ತು ಅದೇ ರೈಲಿನ ಹಿಂದಿನ ಜನರಲ್ ಬೋಗಿ ಬಾಗಿಲಲ್ಲಿ ಹುಡುಗರು ಜೋತು ಬಿದ್ದು ಅದೇ ಬೆಟ್ಟ ನೋಡ್ತಾ ಬರ್ತಿದ್ರು, ತಿರುವಲ್ಲಿ ನಮಗೆ ಅವರು ಕಾಣೋರು. ನನಗೆ ಆಗ ಆ ಮೂರು ಗೂಡಿನ ನೆನಪಾಗಿ ಸಂಕಟ ಆಯ್ತು.

ಅಮ್ಮ ಗೆಣ್ಣಲ್ಲಿ ತಟ್ಟಿ ನೋಡಿದ್ದು

2016ರ ಸೆಪ್ಟೆಂಬರ್‌ನಲ್ಲಿ ಅಪ್ಪ ಅಮ್ಮ ಬಂದಿದ್ರು. ಚಿಕಾಗೊದ ವಿಜ್ಞಾನ ಮ್ಯೂಸಿಯಂನಲ್ಲಿ ಈ ವಂಶದ ಮೂಲ ಪುರುಷ ನಿಂತಿದಾನೆ, 1934ರ ಪಯೋನಿಯರ್ ಝೆಫರ್. ಆ ವರ್ಷ ಮೇ 26ಕ್ಕೆ ಡೆನ್ವರ್‌ನಿಂದ ಚಿಕಾಗೊಗೆ 1,015 ಮೈಲಿ ಎಲ್ಲೂ ನಿಲ್ಲದೆ 13 ಗಂಟೆ 5 ನಿಮಿಷದಲ್ಲಿ ಓಡಿ ಬಂದ ರೈಲು, ಜೊತೆಗೆ ಒಂದು ಪುಟ್ಟ ಕತ್ತೇನೂ ಕರ್ಕೊಂಡು ಬಂದಿದ್ರಂತೆ. ಅಪ್ಪ ಇಂಜಿನ್ ಕಡೆ ಹೋದ್ರು. ಅಮ್ಮ ಬೋಗಿ ಪಕ್ಕದಲ್ಲಿ ನಿಂತು ಬೆರಳಿನ ಗೆಣ್ಣಲ್ಲಿ ಟಣ್ ಟಣ್ ಅಂತ ತಟ್ಟಿದ್ಲು. ಪಾತ್ರೆ ಅಂಗಡೀಲಿ ತಟ್ಟೋ ಥರಾನೇ, ಕಿವಿ ಸ್ವಲ್ಪ ಹತ್ರ ತಗೊಂಡು ಹೋಗಿ. "ಇದು ನಮ್ಮ ಅಡಿಗೆಮನೆ ಸ್ಟೀಲೇ ಕಣೇ" ಅಂದ್ಲು. ಹೌದು, ಅದೇ. ನೂರಕ್ಕೆ ಹದಿನೆಂಟು ಭಾಗ ಕ್ರೋಮಿಯಂ, ಎಂಟು ಭಾಗ ನಿಕ್ಕಲ್ ಸೇರಿಸಿದ, ತುಕ್ಕು ಹಿಡಿಯದ ಸ್ಟೀಲು. ಫಿಲಡೆಲ್ಫಿಯಾದ ಬಡ್ ಕಂಪನಿ ಇದರಲ್ಲಿ ರೈಲು ಕಟ್ಟೋಕೆ ಹೊರಟಾಗ ಒಂದು ತೊಡಕು ಬಂತು, ಮಾಮೂಲಿ ವೆಲ್ಡಿಂಗ್ ಮಾಡಿದ್ರೆ ಬಿಸಿಗೆ ಬೆಸುಗೆ ಸುತ್ತಮುತ್ತ ಸ್ಟೀಲಿನ ಗುಣಾನೇ ಕೆಟ್ಟು ಅಲ್ಲೇ ತುಕ್ಕು ಶುರುವಾಗೋದು. ಅದಕ್ಕೆ ಅವರು ಕಂಡುಕೊಂಡ ದಾರಿ, ತುಂಬಾ ಜೋರು ಕರೆಂಟನ್ನ ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ ಹೊತ್ತು ಒಂದೇ ಚುಕ್ಕೆ ಮೇಲೆ ಹಾಯಿಸಿ ಬಿಡೋದು, ಬಿಸಿ ಹರಡೋಕೆ ಮುಂಚೆನೇ ಎರಡು ತಗಡು ಅಂಟಿರುತ್ತೆ. ಬೋಗಿಯ ಪಕ್ಕದಲ್ಲಿ ಉದ್ದಕ್ಕೂ ಗೀರು ಗೀರು ಇರುತ್ತಲ್ಲ, ಅದು ಬರೀ ಅಂದಕ್ಕಲ್ಲ, ತೆಳು ತಗಡಿಗೆ ಮಡಿಕೆ ಕೊಟ್ರೆ ಬಾಗಲ್ಲ, ನಮ್ಮ ಕೊಟ್ಟಿಗೆ ಮೇಲಿನ ತಗಡಿನ ಹಾಗೆ. ಬಣ್ಣ ಹೊಡೆಯೋ ಕೆಲಸಾನೇ ಇಲ್ಲ.

ಹದಿನೈದು ವರ್ಷದ ಮೇಲೆ ಕ್ಯಾಲಿಫೋರ್ನಿಯಾ ಝೆಫರ್ ಕಟ್ಟಿದ್ದೂ ಇದೇ ಬಡ್ ಕಂಪನಿ, ಇದೇ ಸ್ಟೀಲಲ್ಲಿ. ಒಂದೊಂದು ಬೋಗಿಗೂ ಹೆಸರು, ಎಲ್ಲಾ ಹೆಸರೂ ಸಿಲ್ವರ್ ಅಂತಲೇ ಶುರು: ಸಿಲ್ವರ್ ಬ್ರಾಂಕೊ, ಸಿಲ್ವರ್ ಲಾರಿಯಟ್, ಸಿಲ್ವರ್ ಹೊರೈಜನ್, ಸಿಲ್ವರ್ ಸೋಲಾರಿಯಂ. ಇದನ್ನ ಹೇಳಿದಾಗ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ಸ್ಟೀಲ್ ತಗೊಂಡ ಮೇಲೆ ಹೆಸರು ಕೊರೆಸದೆ ಇರ್ತಾರಾ? ನಮ್ಮನೇಲಿ ಒಂದು ಲೋಟಕ್ಕೂ ಹೆಸರು ತಾರೀಕು ಇದೆ, ಯಾರ ಮದುವೇಲಿ ಯಾರು ಕೊಟ್ಟಿದ್ದು ಅಂತ ಚುಕ್ಕೆ ಚುಕ್ಕೆ ಅಕ್ಷರದಲ್ಲಿ.

ಒನ್ ಇನ್ ಫಿಫ್ಟಿ

ಈಗ ಓಡ್ತಿರೋ ಕ್ಯಾಲಿಫೋರ್ನಿಯಾ ಝೆಫರ್ ಹಳೇದಲ್ಲ, ಹೆಸರು ಮಾತ್ರ ಅದೇ, 1983ರಲ್ಲಿ ಅಮೆರಿಕದ ಸರ್ಕಾರಿ ಪ್ಯಾಸೆಂಜರ್ ರೈಲು ಸಂಸ್ಥೆ ಆಮ್‌ಟ್ರ್ಯಾಕ್ ಮತ್ತೆ ಆ ಹೆಸರಿಟ್ಟಿದ್ದು. ಡಬಲ್ ಡೆಕ್ಕರ್ ಬೋಗಿ, ಗಾಜಿನ ಗೂಡಿಲ್ಲ, ಅದರ ಬದಲು ಮೇಲಿನ ಅಂತಸ್ತಲ್ಲಿ ದೊಡ್ಡ ದೊಡ್ಡ ಕಿಟಕಿಯ ಒಂದು ಲೌಂಜು, ಕಿಟಕಿ ಗಾಜು ಸ್ವಲ್ಪ ಚಾವಣಿ ಕಡೆಗೂ ಬಾಗಿರುತ್ತೆ. ಕ್ಯಾಲಿಫೋರ್ನಿಯಾದ ಸಿಯೆರಾ ಪರ್ವತದಲ್ಲಿ ಫೆದರ್ ಕಣಿವೆ ಬಿಟ್ಟು ಡಾನರ್ ಪಾಸ್ ಮೇಲೆ ಹೋಗುತ್ತೆ. ಆದ್ರೆ ಹಳೇ ಲೆಕ್ಕ ಹಾಗೇ ಇದೆ, ಚಿಕಾಗೊದಿಂದ ಮಧ್ಯಾಹ್ನ ಹೊರಟು ಬೆಳಿಗ್ಗೆ ಡೆನ್ವರ್. ನಾವು ಮೂರು ಜನ ನೇಪರ್‌ವಿಲ್‌ನಲ್ಲಿ ಹತ್ತಿ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ಗೆ ಹೋಗೋದು ಅಂತ ಮಾಡಿದ್ವಿ, ಕೂರೋ ಟಿಕೆಟ್ಟು. ಅಮ್ಮ ಚಪಾತಿ, ಚಟ್ನಿಪುಡಿ, ಕೋಡುಬಳೆ ಎಲ್ಲಾ ಕಟ್ಕೊಂಡಿದ್ಲು.

ಅಪ್ಪ ಪಿಡಬ್ಲ್ಯುಡಿಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆದೋರು, ಮಲೆನಾಡಿನ ರಸ್ತೆ ಮೇಲೇ ಜೀವನ ಸವೆಸಿದೋರು. ರಾತ್ರಿ ಪೂರ್ತಿ ನಿದ್ದೆ ಮಾಡ್ಲಿಲ್ಲ. ಬೆಳಿಗ್ಗೆ ಡೆನ್ವರ್‌ನಲ್ಲಿ ನಾನು ಕೆಳಗಿಳಿದು ಕೈಕಾಲು ಆಡಿಸಿ ಬರೋದ್ರೊಳಗೆ ಲೌಂಜಲ್ಲಿ ಬಲಗಡೆ ಮೂರು ಸೀಟಿನ ಮೇಲೆ ಅವರ ಚೌಕಳಿ ಟವೆಲ್ ಹಾಸಿತ್ತು, ಬಸ್‌ಸ್ಟ್ಯಾಂಡಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ಕೈ. ಎಂಟು ಗಂಟೆ ದಾಟಿದ ಮೇಲೆ ರೈಲು ಹೊರಡ್ತು, ಊರು ಮುಗಿದ ತಕ್ಷಣ ಏರು. ಒಂದು ಕಡೆ ಹಳಿ ಗುಡ್ಡದ ಮೇಲೆ ದೊಡ್ಡ ಲಾಡಿ ಥರ ಸುತ್ತು ಹಾಕುತ್ತೆ, ಅಲ್ಲಿ ಒಳಗಡೆ ಹಳೇ ಗೂಡ್ಸ್ ವ್ಯಾಗನ್ ಸಾಲಾಗಿ ನಿಲ್ಸಿದಾರೆ, ಒಳಗೆ ಮರಳು ತುಂಬಿ. ಬಯಲಿಂದ ಬೀಸೋ ಗಾಳಿಗೆ ರೈಲು ಉರುಳದೆ ಇರಲಿ ಅಂತ ಗೋಡೆ ಅದು. ಅಪ್ಪ ಎದ್ದು ನಿಂತು ನೋಡಿದ್ರು. "ಗ್ರೇಡಿಯಂಟ್ ಎಷ್ಟು ಇಲ್ಲಿ?" ಅಂದ್ರು. ನೂರಕ್ಕೆ ಎರಡು ಅಂದೆ. ಎರಡು ಸೆಕೆಂಡ್ ಸುಮ್ಮನಿದ್ದು, "ಹಂಗಾದ್ರೆ ಒನ್ ಇನ್ ಫಿಫ್ಟಿ. ನಮ್ಮ ಘಾಟೀದೂ ಒನ್ ಇನ್ ಫಿಫ್ಟಿನೇ ಪುಟ್ಟಿ, ಎಡಕುಮೇರಿ ಹತ್ರ" ಅಂದ್ರು. ಅಲ್ಲಿಂದ ಆ ಪರ್ವತ ಅವರಿಗೆ ಪರದೇಶದ್ದಾಗಿ ಉಳೀಲಿಲ್ಲ. ಜೇಬಿಂದ ಒಂದು ಕವರ್ ತೆಗೆದು ಅದರ ಹಿಂದೆ ಸುರಂಗ ಬಂದಾಗೆಲ್ಲ ಒಂದೊಂದು ಗೆರೆ ಹಾಕ್ತಾ ಹೋದ್ರು, ಐದಾದ್ರೆ ಅಡ್ಡ ಗೆರೆ.

ಅಷ್ಟೊತ್ತಿಗೆ ಅನೌನ್ಸ್‌ಮೆಂಟ್ ಬಂತು, ಮುಂದೆ ಮೊಫಟ್ ಟನಲ್, ದಾಟೋವರೆಗೂ ಯಾರೂ ಬೋಗಿಯಿಂದ ಬೋಗಿಗೆ ಓಡಾಡಬೇಡಿ, ಬಾಗಿಲು ತೆಗೆದ್ರೆ ಇಂಜಿನ್ ಹೊಗೆ ಒಳಗೆ ಬರುತ್ತೆ ಅಂತ. ಹತ್ತು ಕಿಲೋಮೀಟರ್ ಉದ್ದದ ಸುರಂಗ, 9,200 ಅಡಿ ಎತ್ತರದಲ್ಲಿ. 1928ರಲ್ಲಿ ಇದು ಆಗೋಕೆ ಮುಂಚೆ ರೈಲುಗಳು ಇದರ ಮೇಲಿನ ಬೆಟ್ಟದ ನೆತ್ತಿ ಹತ್ತಿ, 11,600 ಅಡಿ ಮೇಲೆ ಹಿಮದಲ್ಲಿ ಸಿಕ್ಕಾಕೊಂಡು ಹೋಗ್ತಿದ್ವು. ಸುಮಾರು ಹತ್ತು ನಿಮಿಷ ಕತ್ತಲು. ಲೌಂಜಲ್ಲಿ ಮಾತು ತಾನಾಗೇ ನಿಂತೋಯ್ತು. ಕಪ್ಪು ಗಾಜಲ್ಲಿ ಅಪ್ಪನ ಮುಖ ಕಾಣ್ತಿತ್ತು, ಪೆನ್ನು ಕೈಯಲ್ಲಿ ಹಿಡ್ಕೊಂಡು ಬಾಯಿ ಸ್ವಲ್ಪ ತೆಗೆದು, ಸ್ಕೂಲ್ ಹುಡುಗನ ಥರ. ಆಮೇಲೆ ಫಕ್ಕನೆ ಬೆಳಕು. ಈ ಕಡೆ ಬೆಟ್ಟ ಪೂರ್ತಿ ಆಸ್ಪೆನ್ ಮರ, ಎಲೆ ಎಲ್ಲಾ ಅರಿಶಿನ ಬಣ್ಣಕ್ಕೆ ತಿರುಗಿ ಗಾಳಿಗೆ ಮಿಣಮಿಣ ಅಂತಿತ್ತು. ಅಮ್ಮ "ಅಯ್ಯೋ ಶಿವನೇ" ಅಂದ್ಲು. ಇಲ್ಲಿಂದ ಮುಂದೆ ಬಿದ್ದ ನೀರೆಲ್ಲ ಪೆಸಿಫಿಕ್ ಕಡೆಗೆ, ಹಿಂದೆ ಬಿದ್ದಿದ್ದು ಅಟ್ಲಾಂಟಿಕ್ ಕಡೆಗೆ ಅಂತ ನಾನು ಹೇಳಿದೆ. ಅಪ್ಪ ತಕ್ಷಣ "ಬಿಸಿಲೆ ಥರ" ಅಂದ್ರು. ಈ ಕಡೆ ಬಿದ್ರೆ ಹೇಮಾವತಿ ಸೇರಿ ಕಾವೇರಿ, ಆ ಕಡೆ ಬಿದ್ರೆ ಕುಮಾರಧಾರೆ ಸೇರಿ ಅರಬ್ಬೀ ಸಮುದ್ರ. ರಸ್ತೆ ಕೆಲಸದಲ್ಲಿದ್ದಾಗ ಮಳೇಲಿ ಅಲ್ಲಿ ನಿಂತು ಎರಡು ಕಡೆ ನೀರು ಹರಿಯೋದು ನೋಡಿದ್ದನ್ನ ಅವತ್ತು ಮೊದಲನೇ ಸಲ ನನಗೆ ಹೇಳಿದ್ರು. ಇಷ್ಟು ವರ್ಷ ಒಂದೇ ಮನೇಲಿದ್ದು ಕೇಳಿರಲಿಲ್ಲ ನಾನು.

ಗ್ರ್ಯಾನ್‌ಬಿ ಅನ್ನೋ ಊರಿಂದ ಕೊಲೊರಾಡೊ ನದಿ ಜೊತೆಯಾಗುತ್ತೆ, ಆಮೇಲೆ ಗಂಟೆಗಟ್ಟಲೆ ಬಿಡೋದೇ ಇಲ್ಲ. ಮೊದಲು ನಮ್ಮೂರ ಹಳ್ಳದಷ್ಟು. ಗೋರ್ ಕ್ಯಾನಿಯನ್‌ನಲ್ಲಿ ರಸ್ತೆನೇ ಇಲ್ಲ, ನೀರು, ಬಂಡೆ, ಹಳಿ ಮೂರೇ. ಮಧ್ಯಾಹ್ನ ಗ್ಲೆನ್‌ವುಡ್ ಕ್ಯಾನಿಯನ್ ಬಂತು. ಇದೇ ಆಸ್ಬರ್ನ್ ನೋಡಿದ ಜಾಗ ಅಂತ ಅಪ್ಪನಿಗೆ ಹೇಳ್ದೆ. ಅವರು ಬಂಡೆಯ ತುದಿ ನೋಡೋಕೆ ಸೀಟಿಂದ ಜಾರಿ, ಕುತ್ತಿಗೆ ವಾಲಿಸಿ, ಕಡೆಗೆ ಮಂಡಿ ಮೇಲೆ ಕೂತ್ರು. ಬಾಗಿದ ಗಾಜು ಮುಗಿದ ಮೇಲೆ ಚಾವಣಿ ತಗಡು ಶುರು, ಬಂಡೆ ಇನ್ನೂ ಮೇಲಕ್ಕೆ ಹೋಗ್ತಾನೇ ಇತ್ತು. ಅಲ್ಲಿ ನನಗೆ ಆ ಗಾಜಿನ ಗೂಡು ಯಾಕೆ ಬೇಕಿತ್ತು ಅಂತ ಮೈಗೆ ತಿಳೀತು, ಓದಿ ತಿಳ್ಕೊಂಡಿದ್ದು ಬೇರೆ.

ನೋಡಿಸ್ತಿದ್ದೋರು

ಹಳೇ ರೈಲಲ್ಲಿ ಪ್ರತಿ ಓಟಕ್ಕೂ ಒಬ್ಬ ಹುಡುಗಿ ಇರ್ತಿದ್ರು, ಝೆಫರೆಟ್ ಅಂತ ಕರೀತಿದ್ರು. ಮೈಕಲ್ಲಿ ಈಗ ಬಲಗಡೆ ಇಂಥಾದ್ದು ಕಾಣುತ್ತೆ ಅಂತ ಹೇಳೋದು, ಊಟಕ್ಕೆ ಟೈಮ್ ಬರ್ಕೊಳೋದು, ಅಳೋ ಮಕ್ಕಳನ್ನ ಎತ್ಕೊಳೋದು, ಹುಷಾರಿಲ್ಲದೋರಿಗೆ ಮಾತ್ರೆ, ಟೆಲಿಗ್ರಾಂ ಕಳ್ಸೋದು, ಇಡೀ ರೈಲಿಗೆ ಇವರೊಬ್ಬರೇ. ನರ್ಸಿಂಗ್ ಮಾಡಿದೋರೋ ಕಾಲೇಜು ಓದಿದೋರೋ ಆಗಿರಬೇಕು, ಮದುವೆ ಆಗಿರಬಾರದು. ಒಂದೊಂದು ಟ್ರಿಪ್ ಮುಗಿದ ಮೇಲೂ ವರದಿ ಬರೆದು ಕೊಡ್ತಿದ್ರು. ನನಗೆ ಆ ಹುಡುಗೀರ ಬಗ್ಗೆ ತುಂಬಾ ಯೋಚನೆ ಬರುತ್ತೆ. ಐವತ್ತರ ದಶಕದಲ್ಲಿ ಒಬ್ಬಳೇ 4,000 ಕಿಲೋಮೀಟರ್ ಹೋಗಿ, ಮತ್ತೆ ಅದೇ ದಾರೀಲಿ ವಾಪಸ್ ಬರೋ ಕೆಲಸ, ಅದೂ ಜನಕ್ಕೆ ಬೆಟ್ಟ ತೋರಿಸೋದು. ಮದುವೆ ಆದ ದಿನ ಆ ದಾರಿ ಕೈತಪ್ಪಿ ಹೋಗ್ತಿತ್ತು.

ಮಲಗೋ ಬೋಗಿಗಳಲ್ಲಿ ಹಾಸಿಗೆ ಹಾಸ್ತಿದ್ದ, ಬೂಟ್ ಪಾಲಿಶ್ ಮಾಡ್ತಿದ್ದ ಪುಲ್‌ಮನ್ ಪೋರ್ಟರ್‌ಗಳು ಹೆಚ್ಚುಕಮ್ಮಿ ಎಲ್ಲರೂ ಕಪ್ಪು ಜನ. ಅವರ ಸ್ವಂತ ಹೆಸರು ಬಿಟ್ಟು ಎಲ್ಲರನ್ನೂ ಜಾರ್ಜ್ ಅಂತ ಕೂಗೋ ಕೆಟ್ಟ ರೂಢಿ ಇತ್ತು, ಪುಲ್‌ಮನ್ ಕಂಪನಿಯ ಮಾಲೀಕನ ಹೆಸರು ಅದು. ಬೋಗಿಗೆ ಒಂದೊಂದು ಹೆಸರಿಟ್ಟು ಸ್ಟೀಲ್ ಮೇಲೆ ಬರೆಸಿದೋರು, ಅದರೊಳಗೆ ರಾತ್ರಿಯೆಲ್ಲ ಎದ್ದಿರೋ ಮನುಷ್ಯನ ಹೆಸರು ಕೇಳೋ ಗೋಜಿಗೆ ಹೋಗ್ತಿರಲಿಲ್ಲ. ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ ಅವರು 1925ರಲ್ಲಿ ಯೂನಿಯನ್ ಕಟ್ಟಿ, 1937ರಲ್ಲಿ ಕಂಪನಿ ಕೈಲಿ ಒಪ್ಪಂದಕ್ಕೆ ಸಹಿ ಹಾಕಿಸ್ಕೊಂಡಿದ್ರು, ಆಮೇಲೆ ನಾಗರಿಕ ಹಕ್ಕಿನ ಚಳವಳಿಗೂ ಇವರೇ ಬೆನ್ನೆಲುಬು. ಈ ರೈಲನ್ನ ನಾನು ಎಷ್ಟು ಪ್ರೀತಿಸ್ತೀನೋ ಅಷ್ಟೇ ಇದೂ ನೆನಪಿರಬೇಕು ಅನ್ಸುತ್ತೆ. ಗಾಜಿನ ಗೂಡಲ್ಲಿ ಕೂತೋರು ಬೆಟ್ಟ ನೋಡ್ತಿದ್ದ ಹೊತ್ತಲ್ಲಿ ಕೆಳಗೆ ಯಾರೋ ಅವರ ಹಾಸಿಗೆ ಮಡಚ್ತಾ ಇದ್ರು.

ನಿಂತು ಹೋಗಿದ್ದು

ರೈಲು ನಿಂತಿದ್ದು ಯಾಕೆ ಅನ್ನೋದಕ್ಕೆ ಕಾರಣ ಎಲ್ಲರಿಗೂ ಗೊತ್ತಿರೋವೇ. ಜೆಟ್ ವಿಮಾನ ಬಂತು, 1956ರ ಕಾನೂನಿಂದ ದೇಶ ಪೂರ್ತಿ ಅಗಲ ಅಗಲ ಹೈವೇ ಬಂತು, 1967ರಲ್ಲಿ ಅಂಚೆ ಇಲಾಖೆ ರೈಲಿಂದ ಟಪಾಲು ತೆಗೆದ್ಬಿಡ್ತು, ಪ್ಯಾಸೆಂಜರ್ ರೈಲುಗಳ ಹೊಟ್ಟೆ ತುಂಬಿಸ್ತಿದ್ದ ದುಡ್ಡು ಅದು. ಬೇಸಿಗೇಲಿ ಗೂಡುಗಳು ತುಂಬ್ತಿದ್ವು, ಚಳಿಗಾಲದಲ್ಲಿ ಖಾಲಿ. ಮೂವರಲ್ಲಿ ಚಿಕ್ಕೋರು ವೆಸ್ಟರ್ನ್ ಪೆಸಿಫಿಕ್, ನಷ್ಟ ತಡ್ಕೊಳಕ್ಕಾಗಲ್ಲ ಅಂತ 1966ರಿಂದಲೇ ಸರ್ಕಾರದ ಮುಂದೆ ಅರ್ಜಿ ಹಿಡ್ಕೊಂಡು ನಿಂತ್ರು, ಮೊದಲು ಒಪ್ಪಲಿಲ್ಲ, ಕಡೆಗೆ ಒಪ್ಪಿದ್ರು. 1970ರ ಮಾರ್ಚ್ 22ಕ್ಕೆ ಮುಗೀತು. ಇಪ್ಪತ್ತೊಂದು ವರ್ಷ ಎರಡು ದಿನ.

ಆದ್ರೆ ಮಧ್ಯದ ರಿಯೊ ಗ್ರ್ಯಾಂಡ್ ಕಂಪನಿ ಮಾತ್ರ ಬಿಡ್ಲಿಲ್ಲ. 1971ರಲ್ಲಿ ದೇಶದ ಪ್ಯಾಸೆಂಜರ್ ರೈಲುಗಳನ್ನೆಲ್ಲ ಆಮ್‌ಟ್ರ್ಯಾಕ್‌ಗೆ ಒಪ್ಪಿಸಿದಾಗ ಇವರು ಸೇರದೆ ಹೊರಗುಳಿದ್ರು, ಡೆನ್ವರ್‌ನಿಂದ ಸಾಲ್ಟ್ ಲೇಕ್ ಕಡೆಗೆ ಅದೇ ಹಳೇ ಸಿಲ್ವರ್ ಬೋಗಿಗಳನ್ನ ಕಟ್ಕೊಂಡು ರಿಯೊ ಗ್ರ್ಯಾಂಡ್ ಝೆಫರ್ ಅಂತ ವಾರಕ್ಕೆ ಮೂರು ದಿನ ಓಡಿಸ್ತಾ ಇದ್ರು, ಬೆಟ್ಟದ ಭಾಗ ಅದೇ ಅಲ್ವಾ. ಇನ್ನೂ ಹನ್ನೆರಡು ವರ್ಷ. 1983ರ ಏಪ್ರಿಲ್‌ನಲ್ಲಿ ಅದೂ ನಿಂತು ದಾರಿ ಆಮ್‌ಟ್ರ್ಯಾಕ್ ಕೈಗೆ ಹೋಗೋ ಹೊತ್ತಿಗೆ ಸರಿಯಾಗಿ ಯೂಟಾದ ತಿಸಲ್ ಅನ್ನೋ ಊರಲ್ಲಿ ಗುಡ್ಡ ಜಾರಿ ನದಿಗೆ ಅಡ್ಡ ಬಿತ್ತು, ನೀರು ನಿಂತು ಊರೇ ಮುಳುಗ್ತು, ಹಳೀನೂ ಹೋಯ್ತು. ಬೇರೆ ದಾರಿ ಮಾಡ್ಕೊಂಡು ಜುಲೈ 16ಕ್ಕೆ ಹೊಸ ಝೆಫರ್ ಶುರುವಾಯ್ತು. ಪ್ರತಿ ಮಳೆಗಾಲ ಶಿರಾಡೀಲಿ ಗುಡ್ಡ ಕುಸಿದು ರೈಲು ರದ್ದು ಅಂತ ಓದೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಳೇ ಬೋಗಿಗಳಲ್ಲಿ ಕೆಲವು ಇನ್ನೂ ಉಳಿದಿವೆ. ವೆಸ್ಟರ್ನ್ ಪೆಸಿಫಿಕ್ ಹಳಿ ಹೋಗ್ತಿದ್ದ ಪೋರ್ಟೊಲಾ ಊರಿನ ಮ್ಯೂಸಿಯಂನಲ್ಲಿ ಒಂದಷ್ಟು, ಸಿಲ್ವರ್ ಸೋಲಾರಿಯಂ ಥರದ್ದು ಖಾಸಗಿಯೋರ ಕೈಲಿ. ಎಪ್ಪತ್ತು ವರ್ಷ ದಾಟಿದ್ರೂ ಸ್ಟೀಲು ಸ್ಟೀಲಾಗೇ ಇದೆ.

ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನಲ್ಲಿ ನಾವು ಇಳಿದಾಗ ಮಧ್ಯಾಹ್ನ ಎರಡು ಗಂಟೆ ಆಸುಪಾಸು. ಕೆಂಪು ಕಲ್ಲಿನ ಪುಟ್ಟ ಸ್ಟೇಶನ್ನು, ಪಕ್ಕದಲ್ಲೇ ನದಿ. ಅಮ್ಮ ಬ್ಯಾಗ್ ಎಣಿಸ್ತಾ ಇದ್ಲು. ಅಪ್ಪ ಪ್ಲಾಟ್‌ಫಾರ್ಮ್ ತುದೀವರೆಗೆ ನಡೆದು ಹೋಗಿ ರೈಲು ಪಶ್ಚಿಮಕ್ಕೆ ತಿರುಗೋದನ್ನ ನೋಡ್ತಾ ನಿಂತ್ರು, ನಮ್ಮ ಲೌಂಜ್ ಕಿಟಕೀಲಿ ನಮ್ಮ ಸೀಟಲ್ಲಿ ಆಗಲೇ ಬೇರೆ ಯಾರೋ ಅಜ್ಜ ಅಜ್ಜಿ ಕೂತಿದ್ರು. ವಾಪಸ್ ಬಂದು ಕೇಳಿದ್ರು, "ಮುಂದಕ್ಕೆ ಹೋಗೋರಿಗೆ ಕತ್ತಲಾಗಿಬಿಡುತ್ತಾ?" ನಾನು ಫೋನಲ್ಲಿ ಟೈಂಟೇಬಲ್ ತೆಗೆದು ನೋಡಿ ಹೇಳಿದೆ, ರೂಬಿ ಕ್ಯಾನಿಯನ್ ಅಂತ ಒಂದಿದೆ ಅಪ್ಪಾ, ಕೆಂಪು ಬಂಡೆ, ಅದು ಸಂಜೆ ಬಿಸಿಲಲ್ಲಿ ಸಿಗುತ್ತೆ, ಆಮೇಲೆ ಯೂಟಾ ಅರ್ಧದಲ್ಲಿ ಕತ್ತಲು, ಬೆಳಿಗ್ಗೆ ರೀನೊದಲ್ಲಿ ಎಚ್ಚರ, ಸಿಯೆರಾ ಪರ್ವತ ಪೂರ್ತಿ ಹಗಲಲ್ಲೇ.

"ಹಂಗಾದ್ರೆ ಸರಿ" ಅಂದು, ಗೆರೆ ಹಾಕಿದ್ದ ಕವರ್ ಮಡಚಿ ಜೇಬಿಗಿಟ್ಕೊಂಡು, ಅಮ್ಮನ ಕೈಯಿಂದ ದೊಡ್ಡ ಬ್ಯಾಗ್ ತಗೊಂಡ್ರು.